ಭೂವಿಜ್ಞಾನ ಎಂ.ಎಸ್ಸಿ.: ಎಂಟು ವಾರದ ತರಬೇತಿಗೆ ಎಲ್ಲಿಗೆ ಹೋಗಲಿ?

ಬೆಣಚುಕಲ್ಲು
ಎಲ್ಲರಿಗೂ ನಮಸ್ಕಾರ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮೊದಲ ವರ್ಷ ಮುಗಿಯುತ್ತಿದೆ. ಊರು ಚಳ್ಳಕೆರೆ ತಾಲ್ಲೂಕು. ಬೇಸಿಗೆ ರಜೆಯಲ್ಲಿ ಎಂಟು ವಾರ ಎಲ್ಲಾದರೂ ಕೆಲಸ ಕಲಿತು ಬರಬೇಕು ಎಂದು ವಿಭಾಗದಲ್ಲಿ ಹೇಳಿದ್ದಾರೆ. ಜಾಗವನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ಹನ್ನೊಂದು ಕಡೆಗೆ ಪತ್ರ ಬರೆದೆ, ಉತ್ತರ ಬಂದದ್ದು ಎರಡು ಕಡೆಯಿಂದ.

ಒಂದು ಬೆಂಗಳೂರಿನ ಖಾಸಗಿ ಸಂಸ್ಥೆ. ಆರು ಸಾವಿರ ರೂಪಾಯಿ ಕಟ್ಟಿದರೆ ಮನೆಯಲ್ಲಿ ಕುಳಿತೇ ತರಬೇತಿ, ಕೊನೆಯಲ್ಲಿ ಪ್ರಮಾಣಪತ್ರ. ಇನ್ನೊಂದು, ನಮ್ಮ ಊರಿನಿಂದ ಎರಡು ಗಂಟೆಯ ದಾರಿಯಲ್ಲಿ ಖನಿಜ ಹುಡುಕಲು ಭೂಮಿ ಕೊರೆಯುತ್ತಿರುವ ಜಾಗ. ಸಂಬಳವಿಲ್ಲ, ಊಟ ವಸತಿ ಕೊಡುತ್ತಾರೆ. ದಿನವಿಡೀ ಕೋರ್ (ಕೊರೆದಾಗ ಕೋಲಿನಂತೆ ಮೇಲೆ ಬರುವ ಕಲ್ಲು) ಜೋಡಿಸಿಟ್ಟ ಪೆಟ್ಟಿಗೆಗಳ ಮುಂದೆ ಕೆಲಸ.

ತರಗತಿಯ ಅರ್ಧಕ್ಕರ್ಧ ಜನ ಮೊದಲನೆಯದನ್ನೇ ಹಿಡಿದಿದ್ದಾರೆ. ಅಂಕ ಎರಡಕ್ಕೂ ಒಂದೇ. ಅಮ್ಮನಂತೂ 'ಹೆಣ್ಣುಮಗಳು ಎಂಟು ವಾರ ಕಾಡಿನಲ್ಲಿ ಇರುವುದು ಬೇಡ' ಎಂದು ಪಟ್ಟು ಹಿಡಿದಿದ್ದಾರೆ. ನನಗೆ ಎರಡನೆಯದಕ್ಕೆ ಹೋಗಬೇಕೆಂದು ಬಹಳ ಆಸೆ. ಅಲ್ಲಿ ನಿಜಕ್ಕೂ ಏನು ಕಲಿಯಬಹುದು? ಅನುಭವ ಇರುವವರು ಹೇಳಿ.

ಸುರಂಗ
ಎರಡನೆಯದು. ಯೋಚನೆಯೇ ಬೇಡ. ತರಬೇತಿಗೆ ನಿಮ್ಮಿಂದಲೇ ದುಡ್ಡು ಕೇಳುವವರ ಕಡೆ ತಲೆ ಹಾಕಬೇಡಿ.

ಕೋರ್ ಪೆಟ್ಟಿಗೆ
ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಎಂ.ಎಸ್ಸಿ. ಮುಗಿಸಿದಾಗ ನೂರಾರು ಶಿಲಾ ಮಾದರಿಗಳನ್ನು ನೋಡಿದ್ದೆ. ಎಲ್ಲವೂ ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿದ್ದ, ಚೀಟಿ ಅಂಟಿಸಿದ, ಅಂದವಾದ ತುಂಡುಗಳು. ಮೊದಲ ಬಾರಿಗೆ ಕೋರ್ ಪೆಟ್ಟಿಗೆಯ ಮುಂದೆ ಕುಳಿತಾಗ ಒಂದಕ್ಕೂ ಹೆಸರು ಹೇಳಲಾಗಲಿಲ್ಲ. ಬೂದು, ಕಡುಬೂದು, ಹಸಿರು ಬೂದು, ಅಷ್ಟೇ ಕಾಣುತ್ತಿತ್ತು. ಅಲ್ಲಿದ್ದ ಹಿರಿಯರೊಬ್ಬರು ಒಂದು ಚೊಂಬು ನೀರು ತಂದು ಕೋರ್ ಮೇಲೆ ಸುರಿದರು. ಒಣಗಿದಾಗ ಕಾಣದ ಪಟ್ಟೆಗಳು, ಬೆಣಚುಕಲ್ಲಿನ ಎಳೆಗಳು, ಸಾಸಿವೆಯಷ್ಟು ಸಣ್ಣ, ಪೈರೈಟ್ ಎಂಬ ಖನಿಜದ ಕಣಗಳು ಒಮ್ಮೆಗೇ ಎದ್ದು ಬಂದವು.

ಎರಡನೆಯ ವಾರದಲ್ಲಿ ನಾನು ಮಾಡಿದ ತಪ್ಪು ಕೇಳಿ. ಬಂಡೆ ಎಷ್ಟು ಬಿರುಕಿಲ್ಲದೆ ಇಡಿಯಾಗಿದೆ ಎಂದು ಅಳೆಯಲು ಆರ್‌ಕ್ಯೂಡಿ ಎಂಬ ಲೆಕ್ಕವಿದೆ. ಒಂದೂವರೆ ಮೀಟರ್ ಕೊರೆದಾಗ ಮೇಲೆ ಬಂದ ತುಂಡುಗಳಲ್ಲಿ 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದ ಇರುವುದನ್ನೆಲ್ಲ ಕೂಡಿಸಿ, ಒಟ್ಟು ಕೊರೆದ ಉದ್ದದಿಂದ ಭಾಗಿಸಬೇಕು. ಕೂಡಿದ್ದು 105 ಸೆಂಟಿಮೀಟರ್ ಆದರೆ ಶೇಕಡಾ 70. ಇದು ಪುಸ್ತಕದಲ್ಲಿದೆ. ಒಂದು ಕಡೆ ನನಗೆ 38 ಬಂತು. ಹಿರಿಯರು ನೋಡಿ ಅದೇ ಕೋರ್‌ಗೆ 81 ಬರೆದರು. ನಾನು ಎಲ್ಲ ಮುರಿತಗಳನ್ನೂ ಬಿರುಕು ಎಂದು ಎಣಿಸಿದ್ದೆ. ಕೊಳವೆಯಿಂದ ಕೋರ್ ತೆಗೆಯುವಾಗ ಸುತ್ತಿಗೆಯ ಏಟಿಗೆ ಮುರಿದ ಕಡೆ ಮುಖ ಹೊಸದಾಗಿರುತ್ತದೆ, ಒರಟಾಗಿರುತ್ತದೆ, ಎರಡು ತುಂಡು ಜೋಡಿಸಿದರೆ ಕೂದಲೆಳೆಯೂ ತೂರದಂತೆ ಕೂಡಿಕೊಳ್ಳುತ್ತದೆ. ಅದನ್ನು ಒಂದೇ ತುಂಡು ಎಂದು ಎಣಿಸಬೇಕು. ಭೂಮಿಯೊಳಗೇ ಇದ್ದ ಬಿರುಕಿನ ಮುಖದಲ್ಲಿ ಕಬ್ಬಿಣದ ಕಂದು ಕಲೆ ಇರುತ್ತದೆ, ಜೇಡಿಯ ತೆಳು ಪೊರೆ ಇರುತ್ತದೆ, ಬೆರಳಿಗೆ ನುಣುಪು ಹತ್ತುತ್ತದೆ. ಈ ವ್ಯತ್ಯಾಸವನ್ನು ಬೆರಳೇ ಕಲಿಯಬೇಕು. ಆರು ಸಾವಿರ ಕೊಟ್ಟು ಮನೆಯಲ್ಲಿ ಕುಳಿತರೆ ಬೆರಳಿಗೆ ಏನು ಸಿಗುತ್ತದೆ?

ಎರಡನೇ ಸೆಮಿಸ್ಟರ್
ನಾವು ಆರ್‌ಕ್ಯೂಡಿ ಸೂತ್ರವನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೇವೆ. ಮುರಿತದಲ್ಲಿ ಎರಡು ಬಗೆ ಇದೆ ಎಂದು ಈಗಲೇ ಗೊತ್ತಾಗಿದ್ದು.

ಸುರಂಗ
ಆ 38ಕ್ಕೂ 81ಕ್ಕೂ ಇರುವ ಅಂತರ ಕಾಗದದ ಮೇಲಿನ ಮಾತಲ್ಲ. ಬೆಂಗಳೂರಿನ ಮೆಟ್ರೊ ಸುರಂಗದ ದಾರಿಯನ್ನು ನೆನಪಿಸಿಕೊಳ್ಳಿ. ಒಂದು ಕಡೆ ನೈಸ್ ಮತ್ತು ಗ್ರಾನೈಟ್ ಎಂಬ ಗಟ್ಟಿ ಶಿಲೆಗಳು, ಹತ್ತು ಹೆಜ್ಜೆ ಮುಂದೆ ಮೆತ್ತಗಾದ ಮಣ್ಣು, ನಡುವೆ ದುಂಡು ಬಂಡೆಗಳು. ಸುರಂಗ ಕೊರೆಯುವ ಯಂತ್ರದ ಮುಖದ ಅರ್ಧಕ್ಕೆ ಬಂಡೆ, ಅರ್ಧಕ್ಕೆ ಮಣ್ಣು ಸಿಕ್ಕಿದರೆ ಕೆಲಸ ಎಷ್ಟು ನಿಧಾನವಾಗುತ್ತದೆ ಎಂಬುದು ಅಲ್ಲಿದ್ದವರಿಗೆ ಗೊತ್ತು. ನೆಲದೊಳಗೆ ಏನಿದೆ ಎಂದು ಮೊದಲೇ ತಿಳಿಸುವುದು ಕೋರ್ ಓದಿದವರ ಟಿಪ್ಪಣಿ. ಅದು ತಪ್ಪಾದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ.

ಮೇಷ್ಟ್ರು
ನಾನು ಪಾಠ ಮಾಡುವ ಕಡೆಯವನು. 'ಜಾಗವನ್ನು ನೀವೇ ಹುಡುಕಿಕೊಳ್ಳಿ' ಎಂದು ಹೇಳುವಾಗ ನಮಗೂ ಸಂಕಟವಾಗುತ್ತದೆ. ಖಾಯಂ ಅಧ್ಯಾಪಕರು ಕಡಿಮೆ, ಅತಿಥಿ ಉಪನ್ಯಾಸಕರು ಹೆಚ್ಚು. ಕ್ಷೇತ್ರಕಾರ್ಯಕ್ಕೆ ಒಂದು ಬಸ್ಸಿಗೆ ಡೀಸೆಲ್ ಹಾಕಿಸಲು ಮೂರು ಮೇಜು ದಾಟಿ ಸಹಿ ಬರಬೇಕು. ಪಠ್ಯಕ್ರಮವೂ ನಿಂತ ಕಡೆ ನಿಲ್ಲಲಿಲ್ಲ. 2021ರಲ್ಲಿ ರಾಜ್ಯಕ್ಕೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ವಿಭಾಗದ ಮೇಲೆ ಎಲ್ಲ ತಪ್ಪನ್ನೂ ಹೊರಿಸಬೇಡಿ.

ಕೋರ್ ಪೆಟ್ಟಿಗೆ
ಸರ್, ಡೀಸೆಲ್ ಕಷ್ಟ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಕುಳಿತು ಪಡೆದ ಪ್ರಮಾಣಪತ್ರಕ್ಕೂ ಎಂಟು ವಾರ ಬಿಸಿಲಲ್ಲಿ ಬೆಂದವರಿಗೂ ಒಂದೇ ಅಂಕ ಕೊಡುವುದಕ್ಕೆ ಡೀಸೆಲ್ ಕಾರಣವಲ್ಲ. ಪ್ರಮಾಣಪತ್ರ ಪಕ್ಕಕ್ಕಿಡಿ, ಫೀಲ್ಡ್ ಪುಸ್ತಕ ಕೇಳಿ. ದಿನಾಂಕ, ಜಾಗ, ಕೈಯಾರೆ ಬಿಡಿಸಿದ ಚಿತ್ರ, ಅಳತೆ. ಹತ್ತು ನಿಮಿಷ ಆ ಪುಸ್ತಕದ ಮೇಲೆ ಪ್ರಶ್ನೆ ಕೇಳಿದರೆ ಯಾರು ಹೋಗಿದ್ದರು, ಯಾರು ಹೋಗಿರಲಿಲ್ಲ ಎಂಬುದು ಬಯಲಾಗುತ್ತದೆ.

ಮೇಷ್ಟ್ರು
ಒಪ್ಪಿದೆ. ಅಂಕದ ವಿಷಯದಲ್ಲಿ ತಪ್ಪು ನಮ್ಮದೇ. ಮುಂದಿನ ಪಠ್ಯ ಸಮಿತಿಯ ಸಭೆಯಲ್ಲಿ ಫೀಲ್ಡ್ ಪುಸ್ತಕದ ಮಾತು ಎತ್ತುತ್ತೇನೆ.

ಇನ್ನೊಂದು ಮಾತು. ಗಣಿಗೋ ಕಂಪನಿಗೋ ಹೋದರೆ ಮಾತ್ರ ಕಲಿಕೆ ಎಂದು ಮಕ್ಕಳು ಅಂದುಕೊಳ್ಳಬಾರದು. ನಮ್ಮ ರಾಜ್ಯವೇ ತೆರೆದ ಪ್ರಯೋಗಾಲಯ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಕಂಬಗಳಂತೆ ಸೀಳಿದ ಲಾವಾ, ಕೋಲಾರದ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿಯ ಚೂರುಗಳಿಂದಾದ ಶಿಲೆ. ನಾಲ್ಕೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಸುತ್ತಿಗೆ ಹಾಕುವಂತಿಲ್ಲ, ಕಣ್ಣಿಗೆ ತಡೆಯಿಲ್ಲ.

ಅಂತರ್ಜಲ
ಬೆಣಚುಕಲ್ಲು ಅವರೇ, ಚಳ್ಳಕೆರೆಯವರಾಗಿ ನೀರಿನ ಕಡೆಗೂ ಒಮ್ಮೆ ನೋಡಿ. ನಾನು ತರಬೇತಿ ಪಡೆದದ್ದು ಅಂತರ್ಜಲ ಸಮೀಕ್ಷೆಯಲ್ಲಿ. ನಾಲ್ಕು ಸಲಾಕೆಗಳನ್ನು ಸಾಲಾಗಿ ನೆಲಕ್ಕೆ ಹೊಡೆದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು. ಸಲಾಕೆಗಳ ಅಂತರ ಹೆಚ್ಚಿಸಿದಂತೆ ಇನ್ನೂ ಆಳದ ಸುದ್ದಿ ಬರುತ್ತದೆ. ಬೇಸಿಗೆಯಲ್ಲಿ ನೆಲ ಎಷ್ಟು ಒಣಗಿರುತ್ತದೆಂದರೆ ಪ್ರತಿ ಸಲಾಕೆಯ ಬುಡಕ್ಕೂ ಉಪ್ಪುನೀರು ಸುರಿಯದಿದ್ದರೆ ಮೀಟರ್ ಮುಳ್ಳು ನಂಬುವಂತಿರುವುದಿಲ್ಲ. ನನ್ನ ಮೊದಲ ತಿಂಗಳ ಕೆಲಸವೇ ಉಪ್ಪುನೀರಿನ ಕ್ಯಾನ್ ಹೊರುವುದು. ಅದರಲ್ಲೇ ಎಲ್ಲವನ್ನೂ ಕಲಿತೆ.

ತೆಂಗಿನತೋಟ
ನಾನು ಓದಿದವನಲ್ಲ, ರೈತ. ನಮ್ಮ ತೋಟದಲ್ಲಿ ಯಂತ್ರ ಇಟ್ಟು ಪಾಯಿಂಟ್ ಕೊಟ್ಟರು, ಎಂಟು ನೂರು ಅಡಿ ಧೂಳು ಬಂತು. ಆಮೇಲೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೋಡುವವರನ್ನು ಕರೆಸಿದೆ. ಅವರು ತೋರಿಸಿದ ಕಡೆ ನಾಲ್ಕು ನೂರಕ್ಕೆ ಎರಡು ಇಂಚು ನೀರು. ಇದಕ್ಕೆ ನಿಮ್ಮ ವಿಜ್ಞಾನ ಏನು ಹೇಳುತ್ತದೆ?

ಅಂತರ್ಜಲ
ಯಜಮಾನರೇ, ನಿಮ್ಮ ದುಡ್ಡು ಹೋಗಿದೆ, ಕೋಪ ಸರಿಯಾದದ್ದೇ. ನೇರವಾಗಿ ಹೇಳುತ್ತೇನೆ. ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ನೀರು ಇರುವುದು ಎರಡೇ ಕಡೆ: ಮೇಲಿನ ಮೆತ್ತಗಾದ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ. ಮೇಲಿನ ಪದರ ಎಷ್ಟು ದಪ್ಪ ಎಂಬುದನ್ನು ಈ ಯಂತ್ರ ಚೆನ್ನಾಗಿ ಹೇಳುತ್ತದೆ. ಆರು ನೂರು ಅಡಿ ಕೆಳಗಿನ ಬೆರಳಗಲದ ಬಿರುಕನ್ನು ಅದು ಖಚಿತವಾಗಿ ತೋರಿಸುವುದಿಲ್ಲ. ತೋರಿಸುತ್ತದೆ ಎಂದು ಹೇಳಿ ಹಣ ಪಡೆದವರು ನಿಮಗೆ ಮೋಸ ಮಾಡಿದ್ದಾರೆ.

ತೆಂಗಿನಕಾಯಿಯ ವಿಷಯ: ಆ ಜಾಗದಲ್ಲಿ ನೀರು ಸಿಕ್ಕಿದ್ದು ನಿಜ. ಅದೇ ವ್ಯಕ್ತಿ ನಿಮ್ಮ ಊರಿನಲ್ಲಿ ಎಷ್ಟು ಪಾಯಿಂಟ್ ಕೊಟ್ಟರು, ಎಷ್ಟರಲ್ಲಿ ನೀರು ಬಂತು ಎಂದು ಎರಡು ಅಂಕಣದಲ್ಲಿ ಬರೆದು ನೋಡಿ. ನಮ್ಮದನ್ನೂ ಹಾಗೆಯೇ ಬರೆಯಿರಿ.

ತೆಂಗಿನತೋಟ
ಬರೆದರೆ ನಮ್ಮವರ ಪಟ್ಟಿಯಲ್ಲೂ ಒಣ ಬಾವಿಗಳೇ ಹೆಚ್ಚು ಬರಬಹುದು, ಸುಳ್ಳು ಹೇಳುವುದಿಲ್ಲ. ಆದರೆ ಯಂತ್ರದವರು ಯಾರೂ ನನಗೆ 'ಖಚಿತವಿಲ್ಲ' ಎಂದು ಹೇಳಲಿಲ್ಲ. ನೀವು ಮೊದಲಿಗರು. ಈ ಹುಡುಗಿಗೆ ಅದನ್ನೂ ಕಲಿಸಿ.

ಅಂತರ್ಜಲ
ಖಂಡಿತ. ನಮ್ಮ ಹಿರಿಯರು ನನಗೆ ಮೊದಲು ಕಲಿಸಿದ್ದೂ ಅದನ್ನೇ.

ಸಂಡೂರಿನವಳು
ತಂಗಿ, ಅಮ್ಮನ ವಿಷಯಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಯಲ್ಲಿ ಭೂವಿಜ್ಞಾನಿ. ನಿಮ್ಮ ವಯಸ್ಸಿನಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು, ಇದೇ ಅಳು. ಹಿಂದೆ ಕಾನೂನು ಕೂಡ ನಮ್ಮ ಪರವಾಗಿರಲಿಲ್ಲ. 1952ರ ಗಣಿ ಕಾಯ್ದೆ ಹೆಂಗಸರು ನೆಲದಡಿಯ ಗಣಿಗೆ ಇಳಿಯುವುದನ್ನೇ ತಡೆದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಇಳಿಯಲು ಅವಕಾಶ ಕೊಟ್ಟಿತು. ಆಗ ಲಿಖಿತ ಒಪ್ಪಿಗೆ ಬೇಕಿತ್ತು, ಒಬ್ಬೊಬ್ಬರನ್ನೇ ಕಳಿಸುವಂತಿರಲಿಲ್ಲ, ಕನಿಷ್ಠ ಮೂವರು ಇರಬೇಕಿತ್ತು. ನೀವು ಹೋಗುತ್ತಿರುವುದು ನೆಲದ ಮೇಲಿನ ಕೆಲಸ, ಅದಕ್ಕೆ ಈ ಅಡ್ಡಿಯೂ ಇಲ್ಲ.

ಹೋಗುವ ಮೊದಲು ಫೋನ್ ಮಾಡಿ ಕೇಳಿ: ಶೌಚಾಲಯ ಎಲ್ಲಿದೆ, ಒಳಗಿನಿಂದ ಚಿಲಕ ಇದೆಯೇ? ಮಲಗುವ ಕೋಣೆಯಲ್ಲಿ ಜೊತೆಗೆ ಯಾರಿರುತ್ತಾರೆ? ಬಿದ್ದು ಪೆಟ್ಟಾದರೆ ಗಾಡಿ ಇದೆಯೇ, ವಿಮೆ ಯಾರದು? ಕೇಳಲು ನಾಚಿಕೆ ಬೇಡ. ಸರಿಯಾದ ಜಾಗದವರು ತಡವರಿಸದೆ ಉತ್ತರ ಕೊಡುತ್ತಾರೆ. ತಡವರಿಸಿದರೆ ಅಲ್ಲಿಗೆ ಹೋಗಬೇಡಿ, ಕಲಿಕೆ ಎಷ್ಟೇ ಚೆನ್ನಾಗಿರಲಿ. ಸಾಧ್ಯವಾದರೆ ಅಮ್ಮನನ್ನೇ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ನನ್ನ ತಾಯಿ ಬಂದು ಅಡುಗೆಯವರ ಜೊತೆ ಅರ್ಧ ಗಂಟೆ ಮಾತಾಡಿ ಹೋದ ಮೇಲೆ ಮತ್ತೆ ಬೇಡ ಅನ್ನಲಿಲ್ಲ.

ಎರಡನೇ ಸೆಮಿಸ್ಟರ್
ಅಕ್ಕ, ಸಂಡೂರಿನ ಬೆಟ್ಟದಲ್ಲಿ ನಮ್ಮ ಕ್ಲೈನೋಮೀಟರ್ (ಪದರದ ದಿಕ್ಕು, ಇಳಿಜಾರು ಅಳೆಯುವ ದಿಕ್ಸೂಚಿ) ಕೆಟ್ಟುಹೋಗಿತ್ತು. ಒಂದೇ ಪದರದ ಮೇಲೆ ಇಟ್ಟರೂ ಪ್ರತಿಯೊಬ್ಬರಿಗೂ ಬೇರೆ ಬೇರೆ ದಿಕ್ಕು ಬಂತು.

ಸಂಡೂರಿನವಳು
ಕೆಟ್ಟಿರಲಿಲ್ಲ! ಅಲ್ಲಿಯ ಪಟ್ಟೆ ಕಬ್ಬಿಣದ ಶಿಲೆಯಲ್ಲಿ ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತ ಗುಣದ ಖನಿಜ ಇದೆ, ಅದು ಮುಳ್ಳನ್ನು ತನ್ನ ಕಡೆಗೆ ಎಳೆಯುತ್ತದೆ. ಬಂಡೆಗೆ ತಾಗಿಸಿ ಇಡಬೇಡಿ, ದೂರ ನಿಂತು ಪದರದ ನೇರಕ್ಕೆ ಕಣ್ಣಳತೆ ಹಿಡಿದು ಓದಿ. ಎರಡು ಮೂರು ಕಡೆಯಿಂದ ಓದಿ ತಾಳೆ ನೋಡಿ. ಇಳಿಜಾರಿನ ಕೋನಕ್ಕೆ ತೊಂದರೆಯಿಲ್ಲ, ದಿಕ್ಕಿನದೇ ತೊಂದರೆ.

ಹಳೆಯ ಷಾಫ್ಟ್
ಮಕ್ಕಳೇ, ನೀವೆಲ್ಲ ಬರೆಯುವುದನ್ನು ಓದಿ ಕೆ.ಜಿ.ಎಫ್. ನೆನಪಾಯಿತು. ನಮ್ಮ ಕಾಲದಲ್ಲಿ ತರಬೇತಿಗೆ ಬಂದ ಹುಡುಗರನ್ನು ಮೊದಲ ದಿನವೇ ಕೇಜಿನಲ್ಲಿ ಇಳಿಸುತ್ತಿದ್ದರು. ಅಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಬಂಡೆಯ ಮೇಲೆ ಅಂಗೈ ಇಟ್ಟರೆ ತಕ್ಷಣ ತೆಗೆಯಬೇಕು, ಅಷ್ಟು ಬಿಸಿ. ಕೆಲವು ಸಲ ಒತ್ತಡಕ್ಕೆ ಬಂಡೆ ತಾನೇ ಸಿಡಿಯುತ್ತಿತ್ತು. ಮೇಲೆ ಮನೆಯಲ್ಲಿ ಪಾತ್ರೆ ಅಲುಗಿದರೆ ಹೆಂಗಸರು ಗಣಿಗೆ ಇಳಿಯುವ ಷಾಫ್ಟ್ ಕಡೆಗೆ ಓಡುತ್ತಿದ್ದರು. ಆ ಸಿಡಿತದ ಅಧ್ಯಯನ ನಮ್ಮ ಊರಿನಲ್ಲೇ ಬೆಳೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಅಲ್ಲಿಯೇ. ಗಣಿ 2003ರಲ್ಲಿ ಮುಚ್ಚಿತು. ಈಗ ಚಿನ್ನ ತೆಗೆದು ಬಿಟ್ಟ ಪುಡಿಯ ಸೈನೈಡ್ ದಿಬ್ಬಗಳು ಉಳಿದಿವೆ.

ಸುರಂಗ
ಹಿರಿಯರೇ, ಮುಚ್ಚಿದ್ದು 2001ರ ಫೆಬ್ರುವರಿ 28ರಂದು ಅಲ್ಲವೇ?

ಹಳೆಯ ಷಾಫ್ಟ್
ಹೌದು, 2001. ನಾನು ಆ ಊರು ಬಿಟ್ಟ ವರ್ಷ 2003, ಎರಡೂ ಮನಸ್ಸಿನಲ್ಲಿ ಒಂದಾಗಿಬಿಟ್ಟಿವೆ. ತಿದ್ದಿದ್ದು ಒಳ್ಳೆಯದಾಯಿತು.

ಪರ್ತ್ ಕನ್ನಡಿಗ
ಕೋಲಾರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿಯ ಚಿನ್ನವೂ ಕೋಲಾರದ ಚಿನ್ನದಂತೆಯೇ ಸುಮಾರು 270 ಕೋಟಿ ವರ್ಷದ ಹಸಿರು ಶಿಲೆಗಳ ಉದ್ದನೆಯ ಹರವಿನಲ್ಲಿದೆ. ಇಲ್ಲಿಗೆ ಬಂದ ಮೊದಲ ವಾರ ಕೋರ್ ನೋಡಿದಾಗ ಹುಟ್ಟಿದ ಊರಿನ ಕಲ್ಲನ್ನೇ ಕಂಡಂತಾಯಿತು.

ಇಲ್ಲಿ ವಿದ್ಯಾರ್ಥಿಗಳು ನವೆಂಬರಿನಿಂದ ಫೆಬ್ರುವರಿಯ ಬೇಸಿಗೆ ರಜೆಯಲ್ಲಿ ಗಣಿಗಳಿಗೆ ಹೋಗುತ್ತಾರೆ. ಸಂಬಳ ಕೊಡುತ್ತಾರೆ, ವಿಮಾನದಲ್ಲಿ ಕರೆದುಕೊಂಡು ಹೋಗಿ ಬರುತ್ತಾರೆ. ಎಂಟು ದಿನ ಕೆಲಸ, ಆರು ದಿನ ಮನೆ ಎಂಬಂಥ ಪಾಳಿಗಳಿವೆ. ಮೊದಲ ದಿನ ಪೂರ್ತಿ ಸುರಕ್ಷತೆಯ ಪಾಠ. ನನಗೆ ಬೇಸರವಾಗುವುದು ಒಂದೇ: ನಮ್ಮಲ್ಲಿ ಕಲಿಯುವ ಹುಡುಗರು ಊಟಕ್ಕೂ ಬಸ್ಸಿಗೂ ತಮ್ಮ ಮನೆಯ ದುಡ್ಡನ್ನೇ ಹಾಕಬೇಕು. ಊರಿನಿಂದ ದೂರ ಹೋಗಿ ಎರಡು ತಿಂಗಳು ಸಂಬಳವಿಲ್ಲದೆ ಇರಲು ಯಾರ ಮಕ್ಕಳಿಗೆ ಆಗುತ್ತದೆ?

ಸಂಡೂರಿನವಳು
ಇದು ದೊಡ್ಡ ಮಾತು. ಕೂಲಿ ಮಾಡುವವರ ಮನೆಯ ಹುಡುಗ ರಜೆಯಲ್ಲಿ ತಾನೂ ದುಡಿಯಬೇಕು. ಅವನಿಗೆ ಸಂಬಳವಿಲ್ಲದ ತರಬೇತಿ ಎಂದರೆ ಬಾಗಿಲು ಹಾಕಿದಂತೆಯೇ. ನಮ್ಮ ಗಣಿಯಲ್ಲಿ ನಾನು ಜಗಳವಾಡಿ ಇಬ್ಬರಿಗೆ ಪ್ರಯಾಣದ ಖರ್ಚು ಕೊಡಿಸಿದ್ದೇನೆ. ಸಂಬಳ ಕೊಡಿಸಲು ಇನ್ನೂ ಆಗಿಲ್ಲ, ಬಿಟ್ಟಿಲ್ಲ.

ಕಣಶಿಲೆ
ಇಷ್ಟೆಲ್ಲ ಏಕೆ? ಪದವಿ ಇದ್ದರೆ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಪರೀಕ್ಷೆ ಬರೆದು ಸೇರಿಕೊಳ್ಳಬಹುದು. ತರಬೇತಿ ಅವರೇ ಕೊಡುತ್ತಾರೆ.

ಕೋರ್ ಪೆಟ್ಟಿಗೆ
ಬರೀ ಪದವಿ ಸಾಲದು, ಭೂವಿಜ್ಞಾನಿ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕು. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ಅದು: ಪ್ರಾಥಮಿಕ, ಮುಖ್ಯ, ಸಂದರ್ಶನ. ನಿಮ್ಮ ಎಂ.ಎಸ್ಸಿ. ಪದವಿಯ ಹೆಸರು ಅಧಿಸೂಚನೆಯ ಪಟ್ಟಿಯಲ್ಲಿ ಇದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಬೇಕು.

ಆಯ್ಕೆಯಾದವರಿಗೆ ತರಬೇತಿ ಕೊಡುತ್ತಾರೆ, ನಿಜ. ಅವರ ಒಂದು ಕ್ಷೇತ್ರ ತರಬೇತಿ ಕೇಂದ್ರ ಚಿತ್ರದುರ್ಗದಲ್ಲೇ ಇದೆ. ದೇಶದ ಮೂಲೆಮೂಲೆಯವರು ಬಂದು ಕಲಿಯುವ ಬಂಡೆಗಳು ಬೆಣಚುಕಲ್ಲು ಅವರ ಜಿಲ್ಲೆಯವೇ. ಆದರೆ ಪರೀಕ್ಷೆ ದಾಟುವವರು ಎಷ್ಟು ಜನ? ಉಳಿದವರು ಏನು ಮಾಡಬೇಕು?

ಮುರಕಲ್ಲು
ಉತ್ತರ ಕನ್ನಡದವನು ನಾನು. ಎಲ್ಲರೂ ಗಣಿ, ಚಿನ್ನ, ಅದಿರು ಎನ್ನುತ್ತಿದ್ದೀರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಇಳಿಯಿತು. ಅದಕ್ಕೆ ಆರು ವರ್ಷ ಹಿಂದೆ, 2018ರಲ್ಲಿ ಕೊಡಗು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದಾಗ, ಮೇಲಿನ ಮಣ್ಣು ಮಳೆನೀರು ಕುಡಿದು ಭಾರವಾದಾಗ, ನೆತ್ತಿಯಲ್ಲಿ ಬಿರುಕು ಬಿಟ್ಟಾಗ ಅದನ್ನು ಮೊದಲು ಗುರುತಿಸಬೇಕಾದವರು ನೀವು. ಭೂಕುಸಿತದ ಸಾಧ್ಯತೆಯ ನಕ್ಷೆಗಳು 1:50,000 ಪ್ರಮಾಣದಲ್ಲಿ ಸಿದ್ಧವಾಗಿವೆ. ಆ ಪ್ರಮಾಣದಲ್ಲಿ ನಮ್ಮ ಕೇರಿಯ ಹಿಂದಿನ ಗುಡ್ಡ ಒಂದು ಚುಕ್ಕೆ. ಪಂಚಾಯಿತಿಗೊಬ್ಬ ವಿದ್ಯಾರ್ಥಿಯನ್ನು ಮಳೆಗಾಲಕ್ಕೆ ಮೊದಲು ಎಂಟು ವಾರ ಕಳಿಸಿ, ಬಿರುಕುಗಳನ್ನೂ ಒರತೆಗಳನ್ನೂ ಗುರುತು ಹಾಕಿಸಿ. ಇದಕ್ಕಿಂತ ಉಪಯೋಗದ ತರಬೇತಿ ಯಾವುದಿದೆ?

ಮೇಷ್ಟ್ರು
ಇದನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಿಮ್ಮ ಭಾಗದ ಒಂದೆರಡು ಪಂಚಾಯಿತಿಗಳು ಮಲಗಲು ಶಾಲೆಯ ಕೋಣೆ ಕೊಟ್ಟರೆ ನಾಲ್ವರು ವಿದ್ಯಾರ್ಥಿಗಳೊಂದಿಗೆ ನಾನೇ ಬರುತ್ತೇನೆ.

ಮುರಕಲ್ಲು
ಕೋಣೆ, ಊಟ ನಮ್ಮ ಜವಾಬ್ದಾರಿ. ಮೇ ಮೊದಲ ವಾರ ಬನ್ನಿ.

ಬೆಣಚುಕಲ್ಲು
ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ. ಸಂಡೂರಿನ ಅಕ್ಕ ಹೇಳಿದಂತೆ ಫೋನ್ ಮಾಡಿ ಪ್ರಶ್ನೆಗಳನ್ನೆಲ್ಲ ಕೇಳಿದೆ. ಚಿಲಕ ಇದೆ, ಗಾಡಿ ಇದೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರ ಜೊತೆ ವಸತಿ. ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ರಿಗ್ ಯಂತ್ರವನ್ನು ಬಹಳ ಹೊತ್ತು ನೋಡಿ, 'ನಮ್ಮ ಕೊಳವೆಬಾವಿ ಕೊರೆಯುವಾಗ ಪುಡಿ ಮಾತ್ರ ಬಂತು, ಇವರಿಗೆ ಕಲ್ಲು ಕೋಲಿನ ಹಾಗೆ ಹೇಗೆ ಬರುತ್ತದೆ?' ಎಂದು ಕೇಳಿದರು. ಅಲ್ಲಿಯವರು ಟೊಳ್ಳಾದ ವಜ್ರದ ಬಿಟ್ ತೋರಿಸಿ ವಿವರಿಸಿದರು. ಸೋಮವಾರ ಹೊರಡುತ್ತಿದ್ದೇನೆ. ಏನೇನು ಒಯ್ಯಬೇಕು?

ಕೋರ್ ಪೆಟ್ಟಿಗೆ
ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ. ಗಟ್ಟಿ ರಟ್ಟಿನ ಪುಸ್ತಕ, ಪೆನ್ಸಿಲ್ (ಶಾಯಿ ನೀರಿಗೆ ಹರಡುತ್ತದೆ), ಟೇಪು, ಸಣ್ಣ ಚಾಕು, ನೀರು ಸಿಂಪಡಿಸುವ ಬಾಟಲಿ. ಕಾಲ್ಬೆರಳು ಕಾಯುವ ಬೂಟು, ಟೋಪಿ. ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ ಅಲ್ಲಿಯೇ ಇರುತ್ತದೆ, ನೀವು ಒಯ್ಯಬೇಡಿ.

ಬೆಣಚುಕಲ್ಲು
ಹೊರಟು ಒಂಬತ್ತು ದಿನ. ಬೆಳಿಗ್ಗೆ ಆರಕ್ಕೆ ಶುರು, ಮಧ್ಯಾಹ್ನ ಬಿಸಿಲಿಗೆ ಎರಡು ಗಂಟೆ ಬಿಡುವು. ಇದುವರೆಗೆ 64 ಮೀಟರ್ ಕೋರ್ ನೋಡಿದ್ದೇನೆ. ನಿನ್ನೆ ಕಂದು ಕಲೆಯ ಬಿರುಕನ್ನೂ ಹೊಸ ಮುರಿತವನ್ನೂ ಬೇರೆ ಮಾಡಿದೆ, ಅಲ್ಲಿಯ ಭೂವಿಜ್ಞಾನಿ ಒಂದನ್ನೂ ತಿದ್ದಲಿಲ್ಲ.

ಇವತ್ತು ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ಸುಮಾರು 40 ಸೆಂಟಿಮೀಟರ್ ತುಂಡು, ಮಾಸಲು ಹಸಿರು. ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಆಮ್ಲ ಹಾಕಿದರೆ ನೊರೆ ಬರುವುದಿಲ್ಲ, ಅಂದರೆ ಸುಣ್ಣದ ಕಲ್ಲಲ್ಲ. ಭೂವಿಜ್ಞಾನಿ ನಾಳೆ ಬರುತ್ತಾರೆ, ಅಷ್ಟರೊಳಗೆ ನಾನೇ ಹೆಸರು ಹೇಳಬೇಕಂತೆ.

ಎರಡನೇ ಸೆಮಿಸ್ಟರ್
ಕ್ಲೋರೈಟ್?

ಹಳೆಯ ಷಾಫ್ಟ್
ಮಗಳೇ, ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ಬರೆದಿದ್ದೀಯಾ? ಆ ಬಳಪ ಕೈಗೆ ಹೇಗೆ ಹತ್ತುತ್ತಿತ್ತು?

ಬೆಣಚುಕಲ್ಲು
ಬಳಪದ ಕಲ್ಲು! ಹೆಂಚಿನ ಚೂರಿನ ಮೇಲೆ ಗೀಚಿ ನೋಡಿದೆ, ಬಿಳಿ ಗೆರೆ ಬಂತು. ಹಾಗಾದರೆ ಟಾಲ್ಕ್.

ಕೋರ್ ಪೆಟ್ಟಿಗೆ
ಹಸಿರು ಬಣ್ಣ ಇರುವುದರಿಂದ ಕ್ಲೋರೈಟೂ ಬೆರೆತಿರಬಹುದು, ಎರಡನೇ ಸೆಮಿಸ್ಟರ್ ಹೇಳಿದ್ದು ಪೂರ್ತಿ ತಪ್ಪಲ್ಲ. ಒದ್ದೆ ಮಾಡಿ ಮಸೂರದಲ್ಲಿ ನೋಡಿ. ಪದರಗಳು ಕೋರಿನ ಉದ್ದಕ್ಕೆ ಎಷ್ಟು ಕೋನದಲ್ಲಿವೆ ಎಂದು ಅಳೆದು ಬರೆಯಿರಿ. ಆ ತುಂಡಿನ ಮೇಲೆ, ಕೆಳಗೆ ಯಾವ ಶಿಲೆ ಇದೆ, ಗಡಿ ನೇರವಾಗಿದೆಯೇ ಅಥವಾ ನಿಧಾನವಾಗಿ ಬದಲಾಗುತ್ತದೆಯೇ?

ಬೆಣಚುಕಲ್ಲು
ಮೇಲಿನ ಗಡಿ ನೇರ, ಕೆಳಗಿನದು ನಿಧಾನ. ಟಾರ್ಚ್ ಹಿಡಿದು ಮತ್ತೆ ಪೆಟ್ಟಿಗೆಯ ಹತ್ತಿರ ಹೋಗುತ್ತಿದ್ದೇನೆ.